ಗುರುಪಾದಪ್ಪನವರು ಉಳಿಸಿದ ನೀರು

ಮಂಗಳ ಗ್ರಹದಲ್ಲಿ ಮನೆಮನೆಯ ಯಂತ್ರವೂ ಗಾಳಿಯಿಂದಲೇ ಕುಡಿಯುವ ನೀರು ಮಾಡುತ್ತಿತ್ತು. ಯಂತ್ರದೊಳಗೆ ಆದ ನೀರಾವಿಯನ್ನು ಉಳಿದ ಗಾಳಿಯಿಂದ ಭಾಗಿಸಿದಾಗ ಬರುವ ಭಾಗಲಬ್ಧವನ್ನು ನೀಲಾಂಬಿಕಾ ದಿನಾ ಬೆಳಿಗ್ಗೆ ಲೆಕ್ಕ ಹಾಕುತ್ತಿದ್ದರು. ಅಂದು ಅದು ಕೊನೆಯ ಮಿತಿ ಮುಟ್ಟಿತ್ತು; ಹೊಸ ನೀರು ಹುಟ್ಟುವುದು ನಿಂತಿತ್ತು.

"ನೀರು ತಗೊಂಡಿಲ್ಲೇನ್ರಿ ನೀವು?" ಎಂದು ಗಂಡನನ್ನು ಕೇಳಿದರು.

ಗುರುಪಾದಪ್ಪನವರ ತುಟಿ ಒಣಗಿ ಬಿರಿದಿತ್ತು. "ನಾಲ್ಕು ದಿನದಿಂದ ಅರ್ಧಾನ ಕುಡ್ಯಾಕತ್ತೀನಿ. ಇಲ್ಲಿಗೆ ಬಂದಮ್ಯಾಲೆ ನೀ ಒಮ್ಮಿನೂ ತಲಿಗೆ ಎರಕೊಂಡಿಲ್ಲ. ಅದಕ್ಕ ಉಳದದ್ದು ಯಂತ್ರದೊಳಗ ಕೂಡಿಟ್ಟೆ."

ನೀಲಾಂಬಿಕಾರ ಕಣ್ಣು ತೇವವಾಯಿತು. "ಒಳಗ ಕೂಡಿಟ್ರ ಹೊಸಾದು ಹುಟ್ಟೂದಿಲ್ರಿ. ತಗದ್ರನ ಬರ್ತದ. ಉಳಸೂದಾದ್ರ ಕೊಡದಾಗ ಉಳಸೋಣು."

ನಲ್ಲಿ ತಿರುಗಿಸಿ, ಮೊದಲು ಅವರಿಗೆ ಎರಡು ಲೋಟ ಕುಡಿಸಿದರು. ಭಾಗಲಬ್ಧ ಇಳಿದು ಯಂತ್ರ ಮತ್ತೆ ನಡೆಯಿತು. ಹತ್ತು ದಿನಕ್ಕೆ ಕೊಡ ತುಂಬಿತು. ಗುರುಪಾದಪ್ಪನವರು ತಾವೇ ನೀರು ಕಾಯಿಸಿ, ಹೆಂಡತಿಯ ಬಿಳಿಗೂದಲಿಗೆ ಚೊಂಬು ಚೊಂಬಾಗಿ ಎರೆದರು.