ಚಂದ್ರ ಒಬ್ಬ ಕಂಡರೆ ಸಾಕು

"ಶನಿಯ ಉಂಗುರ ನೋಡೋದಾದ್ರೆ ಇದು ತಗೊಳ್ಳಿ ಮೇಡಂ," ಎಂದು ಅಂಗಡಿಯವನು ಉದ್ದನೆಯ ಟೆಲಿಸ್ಕೋಪ್ ತೋರಿಸಿದ.

"ಚಂದ್ರ ಒಬ್ಬ ಕಂಡ್ರೆ ಸಾಕು. ಕಡಿಮೆ ಬೆಲೆದು ಕೊಡಿ."

"ಮಗೂಗಾ?"

"ಅಮ್ಮಂಗೆ. ಸಂಕಷ್ಟಿ ದಿನ ಚಂದ್ರನ್ನ ತಾನೇ ನೋಡ್ದೆ ಊಟ ಮಾಡಲ್ಲ. ಕಣ್ಣಿಗೆ ಪೊರೆ ಬಂದಿದೆ. ಹೋದ ತಿಂಗಳು ಉಪವಾಸದಲ್ಲಿ ಶುಗರ್ ಇಳಿದು ಬಿದ್ದುಬಿಟ್ಟಳು."

ಅವನು ನಗಲಿಲ್ಲ. ಚಿಕ್ಕದೊಂದನ್ನು ಹುಡುಕಿ ಕೊಟ್ಟ. "ಸ್ಟ್ಯಾಂಡ್ ಸ್ವಲ್ಪ ಅಲ್ಲಾಡುತ್ತೆ. ಈ ಬೆಲೆಗೆ ಇಷ್ಟೇ."

ಸಂಕಷ್ಟಿಯ ದಿನ ಚಂದ್ರ ಹುಟ್ಟುವಾಗ ಒಂಬತ್ತು ದಾಟಿತ್ತು. ಆಫೀಸಿಗೆ ಉಟ್ಟ ಸೀರೆಯಲ್ಲೇ ತಾರಸಿಗೆ ಹತ್ತಿ, ಟೆಲಿಸ್ಕೋಪನ್ನು ಅಂದಾಜಿನಲ್ಲಿ ಚಂದ್ರನತ್ತ ತಿರುಗಿಸಿ, ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿದೆ. ಬೆಳಗ್ಗಿನಿಂದ ಅವಳು ಏನೂ ತಿಂದಿರಲಿಲ್ಲ.

"ಇದೇನೇ, ಫಿರಂಗಿ ತಂದಿದ್ದೀಯಾ?"

"ಸುಮ್ನೆ ನೋಡಮ್ಮ. ಕಾಣ್ತಾನಾ?"

ಅಮ್ಮ ಬಹಳ ಹೊತ್ತು ಕಣ್ಣಿಟ್ಟು ನೋಡಿದಳು. ತಲೆಯೆತ್ತಿ ನನ್ನ ಮುಖ ನೋಡಿದಳು. ಮತ್ತೆ ಕಣ್ಣಿಟ್ಟು ಕೈಮುಗಿದಳು.

"ಕಂಡ ಕಣೇ. ತಟ್ಟೆಯಷ್ಟಗಲ ಇದ್ದಾನೆ. ನಡಿ, ಇಬ್ರೂ ಊಟ ಮಾಡೋಣ."

ಅವಳಿಗೆ ಬಡಿಸಿ, ಟೆಲಿಸ್ಕೋಪ್ ಒಳಗಿಡಲು ಮೇಲೆ ಹೋದೆ. ಅದರ ಮುಂದಿನ ಗಾಜಿಗೆ ಹಾಕಿದ್ದ ಕಪ್ಪು ಮುಚ್ಚಳವನ್ನು ನಾನು ತೆಗೆದೇ ಇರಲಿಲ್ಲ.