ವಿಮರ್ಶೆಗೆ ಐದು ಪಾಯಿಂಟ್

ಕಥೆ ಓದುವ ಆ ಆ್ಯಪಿನಲ್ಲಿ ಒಂದು ವಿಮರ್ಶೆ ಬರೆದರೆ ಐದು ಪಾಯಿಂಟ್ ಉಚಿತ. ಅಧ್ಯಾಯವನ್ನು ತೆರೆದು ಓದಿರಬೇಕೆಂಬ ನಿಯಮವೇನೂ ಇರಲಿಲ್ಲ. ತನ್ನ ಮೆಚ್ಚಿನ ಪತ್ತೇದಾರಿ ಧಾರಾವಾಹಿಯ ಬೀಗ ಹಾಕಿದ ಕಂತುಗಳನ್ನು ತೆರೆಯುವುದಕ್ಕಾಗಿ ಅವನು ಕಂಡಕಂಡ ಕಥೆಗಳ ಕೆಳಗೆಲ್ಲ ಒಂದೇ ಮಾತನ್ನು ಅಂಟಿಸುತ್ತಿದ್ದ: ‘ಮನ ಮುಟ್ಟಿತು. ನಾಯಕಿಯ ನಿರ್ಧಾರ ಸರಿಯಾಗಿದೆ.’ ಅದೇ ಆ್ಯಪಿನಲ್ಲಿ ಹೆಂಡತಿ ಬರೆಯುತ್ತಿದ್ದ ಕಾದಂಬರಿಗೂ ಅದೇ ಮಾತು.

“ನನ್ನ ಕೊನೇ ಅಧ್ಯಾಯ ಓದಿದ್ರಾ?” ಅವಳು ಕೇಳಿದಳು.

“ಓದದೇ ಐದು ಸ್ಟಾರ್ ಕೊಡ್ತೀನೇನೇ?” ಅವನು ಮೊಬೈಲಿನಿಂದ ತಲೆ ಎತ್ತಲಿಲ್ಲ.

“ನಿಜವಾಗ್ಲೂ ನಾಯಕಿ ಮಾಡಿದ್ದು ಸರಿನಾ? ಪಾಪ, ಅವಳ ಗಂಡನಿಗೆ ಬೇಜಾರಾಗಲ್ವಾ?”

“ಅಂಥ ಗಂಡನಿಗೆ ಹಾಗೇ ಆಗ್ಬೇಕು ಬಿಡು. ಸರಿಯಾಗಿದೆ ಅಂತ ಬರ್ದೂ ಇದ್ದೀನಲ್ಲ, ಇನ್ನೇನ್ ಬೇಕು ನಿಂಗೆ?”

“ಇನ್ನೇನೂ ಬೇಡ. ನಿಮ್ಮ ಒಪ್ಪಿಗೆ ಒಂದಿರ್ಲಿ ಅಂತ ಕಾಯ್ತಿದ್ದೆ.”

ಬಾಗಿಲಾಚೆ ಸೂಟ್‌ಕೇಸಿನ ಗಾಲಿಗಳು ಉರುಳಿದ ಸದ್ದಾಯಿತು. ಅವನು ಬೆಚ್ಚಿಬಿದ್ದು, ಅವಳ ಕೊನೆಯ ಅಧ್ಯಾಯವನ್ನು ಒತ್ತಿದ.

‘ನಿಮ್ಮ ಪಾಯಿಂಟುಗಳು ಮುಗಿದಿವೆ, ಮೊದಲು ಜಾಹೀರಾತು ನೋಡಿ’ ಎಂದ ಆ್ಯಪು, ನವದಂಪತಿಗಳ ಡಬಲ್ ಮಂಚವೊಂದನ್ನು ತೋರಿಸತೊಡಗಿತು.