ಸ್ಯಾಂಪಲ್ಲಿನ ಹುಡುಗಿ

ಮದುವೆ ವಿಡಿಯೋದ ಸ್ಯಾಂಪಲ್ ಕ್ಯಾಸೆಟ್ಟು ಹಾಕುವ ಮುಂಚೆ ಚಲುವಾಂಬ ಒಮ್ಮೆ ಹಿಂತಿರುಗಿ ನೋಡಿದಳು. ಸ್ಟುಡಿಯೋದ ಬೆಂಚಿನ ಮೇಲೆ ಪಾಂಡವಪುರದ ದೇವರಾಜು, ಪಕ್ಕದಲ್ಲಿ ಅವನ ಮಗಳು ರಮ್ಯ, ಆ ತುದಿಗೆ ರಮ್ಯಳನ್ನು ಮದುವೆಯಾಗಲಿರುವ ರವೀಂದ್ರ. ಹೋದ ಮಾಘದಲ್ಲಿ ಇದೇ ರವೀಂದ್ರ ಚಲುವಾಂಬಳನ್ನು ನೋಡಲು ಬಂದು, ಕೇಸರಿಬಾತು ತಿಂದು, ಕೈ ತೊಳೆದು, ಆಮೇಲೆ ‘ಹುಡುಗಿ ಯಾಕೋ ಮಂಕು’ ಎಂದು ಹೇಳಿ ಕಳಿಸಿದ್ದ.

“ತೋರ್ಸವ್ವ,” ಅಂದ ದೇವರಾಜು. “ನಮ್ಮೂರಲ್ಲೇ ಒಬ್ಬ ಹಾರ್ಟು, ಗುಲಾಬಿ, ಪಾರಿವಾಳ ಎಲ್ಲಾ ಬುಡ್ತೀನಿ ಅಂತಾವ್ನೆ. ನಿಮ್ ಮರಿಸ್ವಾಮಿ ಕಂಪ್ಯೂಟ್ರು ತಂದವ್ನೆ ಅಂದ್ರು. ಅದ್ಕೇ ಕೆ.ಆರ್. ಪೇಟೆ ಗಂಟ ಬಂದೋ.”

ಸ್ಟುಡಿಯೋ ಯಜಮಾನ ಮರಿಸ್ವಾಮಿ ಕ್ಯಾಮೆರಾ ಹೊತ್ತುಕೊಂಡು ನಾಗಮಂಗಲದ ಮದುವೆಯೊಂದಕ್ಕೆ ಹೋಗಿದ್ದ. ಹೋಗುವಾಗ, “ಇವ್ರನ್ನ ಒಪ್ಪುಸ್ಬುಟ್ರೆ ಕಂಪ್ಯೂಟ್ರು ಕೆಲ್ಸ ಪೂರಾ ನಿಂದೇ ಕಣವ್ವ. ಇಲ್ದಿದ್ರೆ ಆಲ್ಬಂ ಅಂಟ್ಸೋ ಗೋಂದಿನ ಡಬ್ಬಾನೇ ಗತಿ,” ಅಂದಿದ್ದ. ಗಂಡಿನ ಫೋಟೋ ಮೊದಲೇ ಬಂದಿತ್ತು, ಹೆಣ್ಣಿನದು ಬಂದಿರಲಿಲ್ಲ. “ಸ್ಯಾಂಪಲ್ಲು ತಾನೆ, ಯಾರ ಮುಖಾನಾರ ಕೂರ್ಸು,” ಎಂದೂ ಅವನೇ ಹೇಳಿದ್ದ. ಚಲುವಾಂಬ ತನ್ನ ಮುಖವನ್ನೇ ಕೂರಿಸಿದ್ದಳು. ಕನ್ನಡಕ ತೆಗೆದು ಹಿಡಿಸಿದ ಫೋಟೋ. ಅದಕ್ಕೆ ಕಂಪ್ಯೂಟರಿನಲ್ಲೇ ಬೈತಲೆಬೊಟ್ಟು ಇಟ್ಟು, ಕೆನ್ನೆಗೆ ಎಳೆಬಿಸಿಲಿನ ಬಣ್ಣ ಸವರಿದ್ದಳು.

ಅದು ತಮಾಷೆಗೆ ಮಾಡಿದ್ದಲ್ಲ. ರವೀಂದ್ರ ಹೆಣ್ಣು ನೋಡಲು ಬಂದವತ್ತು ಅಜ್ಜಿ, “ಗಂಡಿನ ಮುಂದೆ ತಲೆ ಎತ್ತಬ್ಯಾಡ ಕಣ್ ಮಗ,” ಎಂದು ಹೇಳಿ ಕಳಿಸಿದ್ದರಿಂದ ತಟ್ಟೆ ಕೊಡುವಾಗ ಅವಳಿಗೆ ಕಂಡದ್ದು ಅವನ ಕಾಲಿನ ಹೆಬ್ಬೆರಳು. ಅವನಿಗೆ ಕಂಡದ್ದು ಅವಳ ಬೈತಲೆ, ಮುಡಿದ ಕನಕಾಂಬರ. ಅಷ್ಟನ್ನೇ ನೋಡಿ ಮಂಕು ಅಂದವನು ಇವತ್ತು ಪೂರ್ತಿ ಮುಖ ನೋಡಲಿ, ನೋಡಿ ಕೈ ಕೈ ಹಿಸುಕಿಕೊಳ್ಳಲಿ. ಆಗಲೇ ರಮ್ಯ, “ನೀವು ಈ ಕಡೀಕ್ ಬನ್ನಿ, ಫ್ಯಾನ್ ಗಾಳಿ ಬತ್ತದೆ,” ಎಂದು ಅವನಿಗೆ ಜಾಗ ಬಿಟ್ಟುಕೊಟ್ಟಳು. ಚಲುವಾಂಬಳ ಎದೆಯೊಳಗೆ ಯಾರೋ ಹಸಿಮೆಣಸಿನಕಾಯಿ ಮುರಿದಂತಾಯಿತು. ಆ ಬಳೆಯ ಸದ್ದು, ಆ ಬಹುವಚನ, ಆ ಫ್ಯಾನಿನ ಗಾಳಿ ಎಲ್ಲವೂ ತನ್ನದಾಗಬೇಕಿತ್ತು.

“ಇದು ನಮ್ಮಜ್ಜಿ ಹೇಳ್ತಿದ್ದ ಕತೆ ಗೌಡ್ರೇ,” ಎಂದು ಶುರುಮಾಡಿದಳು. “ಗುಲಾಬಿ ಪಾರಿವಾಳ ಎಲ್ರ ಕ್ಯಾಸೆಟ್ಟಲ್ಲೂ ಇರ್ತವೆ. ಇಲ್ಲಿ ಮೊದ್ಲು ಕರಿಘಟ್ಟ ಕಾಣ್ತದೆ. ಮಂಜು ಸರೀತದೆ. ಬೆಟ್ಟದ ಮೆಟ್ಲಿಂದ ಒಂದು ಮಾದಲ ಹಣ್ಣು ಉರುಳ್ಕಂಡು ಬಂದು ಗಂಡಿನ ಮುಂದೆ ನಿಂತ್ಕತದೆ.”

ಟೀವಿಯಲ್ಲಿ ಹಣ್ಣು ಬಂದು ನಿಂತಿತು. ತಾವರೆಯಂತೆ ಎಸಳೆಸಳಾಗಿ ಬಿರಿಯಿತು. ಒಳಗಿದ್ದ ಹೆಬ್ಬೆರಳುದ್ದದ ಹುಡುಗಿ ನೋಡನೋಡುತ್ತ ಬೆಳೆದು, ತಲೆಯೆತ್ತಿ, ನೇರ ರವೀಂದ್ರನ ಫೋಟೋದ ಪಕ್ಕಕ್ಕೆ ಬಂದು ನಿಂತಳು. ಮೇಲಿನಿಂದ ಬಂಗಾರದ ಪುಡಿ ಉದುರಿತು.

“ಹಣ್ಯಾಕವ್ವ?” ಅಂದ ದೇವರಾಜು. “ನಾವು ಕಬ್ಬು ಬೆಳೆಯೋರು. ಕಬ್ಬಿನ ಜಲ್ಲೆ ಸೀಳ್ಕಂಡು ಬಂದಂಗೆ ಮಾಡಕ್ಕಾಗಕಿಲ್ವಾ?”

“ಆಗ್ತದೆ ಗೌಡ್ರೇ. ಸಿಪ್ಪೆ ಹೆಣ್ಣಿನ ಮೈಮ್ಯಾಲೆ ಬೀಳ್ತದೆ.”

“ಅಂಗಾದ್ರೆ ಬ್ಯಾಡ ಬುಡು. ಹಣ್ಣೇ ಇರ್ಲಿ.”

ರವೀಂದ್ರ ಬೆಂಚಿನ ಅಂಚಿಗೆ ಜರುಗಿ, ಮೊಣಕಾಲಿಗೆ ಮೊಣಕೈ ಊರಿ, ಟೀವಿಯನ್ನೇ ನೋಡುತ್ತಿದ್ದ.

“ಇನ್ನೊಂದ್ಸಲ ಹಾಕಿ,” ಅಂದ.

ಹಾಕಿದಳು. ಹಣ್ಣು ಮತ್ತೆ ಉರುಳಿತು, ಬಿರಿಯಿತು, ಹುಡುಗಿ ತಲೆಯೆತ್ತಿದಳು.

“ಇನ್ನೊಂದ್ಸಲ.”

ಈಗ ತಿರುಗುತ್ತಾನೆ, ಎಂದುಕೊಂಡಳು ಚಲುವಾಂಬ. ತಿರುಗಿದರೆ ಆಡಲೆಂದು ಎಷ್ಟೋ ದಿನದಿಂದ ಒಂದು ಮಾತನ್ನು ಬಾಯಲ್ಲಿ ಇಟ್ಟುಕೊಂಡು ಚಪ್ಪರಿಸಿದ್ದಳು: ಮಂಕಾ, ಅಲ್ವಾ? ರವೀಂದ್ರ ನಿಜಕ್ಕೂ ತಿರುಗಿದ. ಕನ್ನಡಕದ ಹಿಂದಿನ ಅವಳ ಕಣ್ಣನ್ನೇ ನೇರ ನೋಡಿದ.

“ಯಾವೂರ ಹುಡ್ಗಿ ಮೇಡಂ ಇದು? ಸಿನ್ಮಾದೋಳಾ?”

ಬಾಯಲ್ಲಿದ್ದ ಮಾತು ಬಾಯಲ್ಲೇ ಒಣಗಿತು. “ಇಲ್ಲ,” ಎಂದಳು. “ಈ ಕಡೆಯೋಳೇ.”

“ಯಾರಾದ್ರೇನು ಬುಡಿ ಅಳಿಯಂದ್ರೇ,” ದೇವರಾಜು ಪಂಚೆ ಕೊಡವಿಕೊಂಡು ಎದ್ದ. “ಒಪ್ಪದೆ ಕಣವ್ವ, ಇದ್ನೇ ಮಾಡು. ಬೆಟ್ಟ ಇರ್ಲಿ, ಹಣ್ಣಿರ್ಲಿ, ಚಿನ್ನದ ಪುಡೀನೂ ಇರ್ಲಿ. ಹೆಣ್ಣಿನ ಮುಖ ಒಂದು ಬದ್ಲಾಯ್ಸ್ಬುಡು. ರಮ್ಯ, ನಿನ್ ಫೋಟೋ ಕೊಟ್ಬಾ. ನಾವು ಕೆಳಗೆ ಕಾಪಿ ಕುಡೀತಿರ್ತೀವಿ.”

ಗಂಡಸರು ಮೆಟ್ಟಿಲಿಳಿದರು. ಇಳಿಯುವಾಗಲೂ ರವೀಂದ್ರ ಬಾಗಿಲ ಹತ್ತಿರ ನಿಂತು, ಟೀವಿಯ ಕಡೆ ಒಂದು ನೋಟ ಹಾಕಿಯೇ ಹೋದ. ಗೆದ್ದದ್ದು ಕೆಲಸವೋ ಮುಖವೋ ಎಂದು ಚಲುವಾಂಬಳಿಗೆ ತಿಳಿಯಲಿಲ್ಲ. ಮೆಣಸಿನಕಾಯಿಯ ಉರಿ ಮಾತ್ರ ಇನ್ನಷ್ಟು ಏರಿತ್ತು. ಆದರೆ ಅದು ರಮ್ಯಳ ಮೇಲಿನದಲ್ಲ, ಟೀವಿಯಲ್ಲಿ ನಡುಗುತ್ತ ನಿಂತಿದ್ದ ತನ್ನದೇ ಚಿತ್ರದ ಮೇಲಿನದು. ಅವನು ಕಣ್ಣು ಕೀಳದೆ ನೋಡಿದ್ದು ಟೀವಿಯೊಳಗಿನ ಅವಳನ್ನು. ಮೇಡಂ ಅಂದದ್ದು ತನ್ನನ್ನು.

ರಮ್ಯ ಬ್ಯಾಗಿನಿಂದ ಫೋಟೋ ತೆಗೆದಳು. ಟೀವಿಯನ್ನೊಮ್ಮೆ, ಚಲುವಾಂಬಳನ್ನೊಮ್ಮೆ ನೋಡಿದಳು. ಅವಳಿಗೆ ಗುರುತು ಸಿಕ್ಕಿತ್ತು. ಬೈಯುತ್ತಾಳೇನೋ ಎಂದು ಚಲುವಾಂಬ ಕಾದಳು. ಅವಳು ಬೈಯಲಿಲ್ಲ. ಫೋಟೋವನ್ನು ಅರ್ಧ ಚಾಚಿ, ಕೊಡದೆ, ಹಾಗೇ ಬೆರಳಲ್ಲಿ ಬಿಗಿಹಿಡಿದಳು.

“ಅಕ್ಕ,” ಅಂದಳು ಮೆಲ್ಲಗೆ, “ನನ್ ಮುಖ ಕೂರ್ಸಿದ್ ಮ್ಯಾಲೂ ಅವ್ರು ಇನ್ನೊಂದ್ಸಲ ಹಾಕಿ ಅಂತಾರಾ?”